ಅಪ್ಪನ ಕತ್ತಿ, ನನ್ನ ಮೀಸೆ

ನಮ್ಮ ಮನೆಯ ಬಚ್ಚಲಿನ ಕಿಟಕಿಯ ಸರಳಿಗೆ ಒಂದು ತೊಗಲಿನ ಪಟ್ಟಿ ನೇತಾಡುತ್ತಿರುತ್ತದೆ. ಮೂರು ಬೆರಳಗಲ, ಒಂದು ಮೊಳ ಉದ್ದ, ಎಣ್ಣೆ ಕುಡಿದು ಕುಡಿದು ಕಪ್ಪಾಗಿದೆ. ಮನೆಗೆ ಬಂದವರು ಕೈ ತೊಳೆಯಲು ಹೋದಾಗ ಅದನ್ನು ನೋಡುತ್ತಾರೆ. ಕೆಲವರು ಹಳೆಯ ಬೆಲ್ಟು ಅಂದುಕೊಳ್ಳುತ್ತಾರೆ. ಕೆಲವರು ಮಕ್ಕಳಿಗೆ ಬಾರಿಸಲು ಇಟ್ಟಿದ್ದೇನೆ ಅಂದುಕೊಂಡು, ಹೊರಗೆ ಬಂದ ಮೇಲೆ ನನ್ನ ಮುಖವನ್ನು ಒಂದು ಥರ ನೋಡುತ್ತಾರೆ. ನಮಗೆ ಮಕ್ಕಳಿಲ್ಲ ಎಂದು ಗೊತ್ತಿರುವವರು ಇನ್ನೊಂದು ಥರ ನೋಡುತ್ತಾರೆ. ಅವರ ಕಣ್ಣು ಆಮೇಲೆ ಮೆಲ್ಲಗೆ ನನ್ನ ಹೆಂಡತಿ ಪದ್ಮಜಳ ಕಡೆ ತಿರುಗುತ್ತದೆ.

ಅದು ಕತ್ತಿ ಮಸೆಯುವ ಪಟ್ಟಿ. ಕತ್ತಿ ಎಂದರೆ ಗಾಬರಿಯಾಗಬೇಡಿ, ಗಡ್ಡ ಹೆರೆಯುವ ಕತ್ತಿ. ಈಗಿನ ಸಲೂನುಗಳಲ್ಲಿ ಅರ್ಧ ಬ್ಲೇಡು ಸಿಕ್ಕಿಸಿ, ಕೆಲಸ ಮುಗಿದ ಮೇಲೆ ಎಸೆಯುತ್ತಾರಲ್ಲ, ಅದಲ್ಲ. ಇದರ ಬಾಯಿಯೂ ಬೆನ್ನೂ ಒಂದೇ ಉಕ್ಕಿನವು. ಮಡಿಸಿದರೆ ಕೊಂಬಿನ ಹಿಡಿಯೊಳಗೆ ಹೋಗಿ ಮಲಗುತ್ತದೆ. ಅಪ್ಪನದು. ಅಪ್ಪನಿಗೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಅವನಿಗೆ ಗೊತ್ತಿದ್ದಾಗ ನಾನು ಕೇಳಲಿಲ್ಲ, ನಾನು ಕೇಳಿದಾಗ ಅವನಿಗೆ ನೆನಪಿರಲಿಲ್ಲ.

ಅಪ್ಪ ಹೊಸಪೇಟೆಯಿಂದ ವಿಜಯವಾಡಕ್ಕೆ ಬಂದವನು. ಆಟೋನಗರದಲ್ಲಿ ಲಾರಿಗಳ ಮೇಲೆ ಅಕ್ಷರ ಬರೆಯುವುದು ಅವನ ಕೆಲಸ. ಕರ್ನಾಟಕದ ಕಡೆ ಓಡಾಡುವ ಲಾರಿಗಳಿಗೆ ಕನ್ನಡದಲ್ಲಿ ಬರೆಯುವವನೊಬ್ಬ ಬೇಕಿದ್ದ. ಹಾಗೆ ಬಂದವನು ಅಲ್ಲೇ ನಿಂತ. ಬೀದಿಯಲ್ಲಿ, ತರಗತಿಯಲ್ಲಿ ತೆಲುಗು ಮಾತಾಡಿಕೊಂಡು ಬೆಳೆದ ನನಗೆ ಕನ್ನಡದ ಅಕ್ಷರ ಕಲಿಸಿದ ಶಾಲೆ ಯಾವುದೆಂದರೆ ಲಾರಿಯ ಹಿಂಭಾಗ. ಬೇರೆ ಮಕ್ಕಳು 'ಅ' ಅಂದರೆ ಅರಸ ಎಂದು ಕಲಿತರೆ ನಾನು ಕಲಿತದ್ದು 'ಅಂತರ ಕಾಪಾಡಿ'. ಕೆಟ್ಟ ಪಾಠವೇನಲ್ಲ. ಜೀವನದಲ್ಲಿ ಹಲವು ಸಲ ಉಪಯೋಗಕ್ಕೆ ಬಂದಿದೆ.

ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅಪ್ಪ ಕಿಟಕಿಯ ಹತ್ತಿರ ನಿಂತು ಕತ್ತಿ ಮಸೆಯುತ್ತಿದ್ದ. ಸರಕ್, ಸರಕ್. ಆ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಅಲುಗಾಡದ ಕೈ ಅವನದು. ನೀರಿನಲ್ಲಿ ಕತ್ತಿ ಅದ್ದಿ, ಎಡಗೈಯಿಂದ ಕೆನ್ನೆ ಎಳೆದುಕೊಂಡು, ಕಿವಿಯ ಪಕ್ಕದಿಂದ ಗದ್ದದ ತನಕ ಒಂದೇ ಎಳೆತ. ಲಾರಿಯ ಮೇಲೆ ಉದ್ದ ಗೆರೆ ಎಳೆಯುವಾಗಲೂ ಹಾಗೆಯೇ ಉಸಿರು ಹಿಡಿದು ಎಳೆಯುತ್ತಿದ್ದ. ಅಮ್ಮ ಏನಾದರೂ ಕೇಳಿದರೆ ಕತ್ತಿ ಕೆಳಗಿಡುವ ತನಕ ಉತ್ತರ ಬರುತ್ತಿರಲಿಲ್ಲ. ಅಮ್ಮ ಹೇಳುತ್ತಿದ್ದಳು, ನಿಮ್ಮಪ್ಪನ ಹತ್ತಿರ ಏನಾದರೂ ಒಪ್ಪಿಗೆ ಬೇಕಾದರೆ ಆಗಲೇ ಕೇಳಬೇಕು, ಬೇಡ ಅನ್ನುವುದಕ್ಕೆ ಬಾಯಿ ಬರುವುದಿಲ್ಲ ಎಂದು.

ಕ್ರಾಪಿಗೆ ಮಾತ್ರ ಗವರ್ನರ್‌ಪೇಟೆಯ ಒಂದು ಸಲೂನಿಗೆ ಹೋಗುತ್ತಿದ್ದ, ನನ್ನನ್ನೂ ಕರೆದುಕೊಂಡು. ಗಡ್ಡ ಯಾಕೆ ಅಲ್ಲೇ ಮಾಡಿಸಿಕೊಳ್ಳುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. "ತಲಿ ಯಾರ ಕೈಯಾಗರ ಕೊಡು. ಕುತ್ತಿಗಿ ಮಾತ್ರ ಹೊರಗಿನೋರ ಕೈಯಾಗ ಕೊಡಬ್ಯಾಡ," ಅಂದಿದ್ದ. ನನಗೆ ಮೀಸೆ ಚಿಗುರಿದ್ದು ಅದೇ ಸಲೂನಿನ ಕನ್ನಡಿಯಲ್ಲಿ ಮೊದಲು ಕಂಡದ್ದು. ಅದನ್ನು ತೆಗೆದುಬಿಡು ಅಂದರೆ ಅಲ್ಲಿಯವನು ಕೈ ತಡೆದು, "ನಾನ್ನಗಾರು ಉನ್ನಾರಾ?" ಎಂದು ಕೇಳಿದ, ತಂದೆ ಇದ್ದಾರಾ ಎಂದು. ತಮಾಷೆಗೇ ಕೇಳಿದ್ದು, ಅಪ್ಪ ಹಿಂದಿನ ಬೆಂಚಿನಲ್ಲೇ ಪೇಪರು ಹಿಡಿದು ಕೂತಿದ್ದ. ಪೇಪರು ಇಳಿಸಿ, "ಇಲ್ಲೇ ಅದೀನಲ್ಲಪ, ಕಾಣವಲ್ಲೆನೇನು? ಅಂವನ ಮೀಸಿ ಮುಟ್ಟಬ್ಯಾಡ," ಅಂದ. ಅರ್ಧ ಕನ್ನಡ ಅರ್ಧ ಕೈಸನ್ನೆ. ಸಲೂನೆಲ್ಲ ನಕ್ಕಿತು.

ಈ ಸಂಪ್ರದಾಯ ನಮ್ಮಲ್ಲೂ ಇದೆ, ತೆಲುಗರಲ್ಲೂ ಇದೆ. ಅಪ್ಪ ಇರುವ ತನಕ ಮೀಸೆ ಪೂರ್ತಿ ತೆಗೆಯುವುದಿಲ್ಲ. ಅಪ್ಪ ಹೋದಾಗ, ಕರ್ಮದ ದಿನ, ತಲೆಗೂದಲ ಜೊತೆ ಅದೂ ಹೋಗುತ್ತದೆ. ಈಗಿನ ಹುಡುಗರು ಇದನ್ನೆಲ್ಲ ಲೆಕ್ಕಕ್ಕಿಡುವುದಿಲ್ಲ, ನಮ್ಮ ಆಫೀಸಿನಲ್ಲೇ ಅರ್ಧಕ್ಕರ್ಧ ಜನಕ್ಕೆ ಮೀಸೆಯಿಲ್ಲ. ಆದರೆ ಕಾಲೇಜಿನಿಂದಲೂ ಪೊದೆಯಂಥ ಮೀಸೆ ಹೊತ್ತು ತಿರುಗಿದ ನನ್ನಂಥವನು ಐವತ್ತರ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಅದಿಲ್ಲದೆ ಬೀದಿಗೆ ಬಂದರೆ, ನೋಡಿದವರು ಒಂದೇ ಅರ್ಥ ಮಾಡಿಕೊಳ್ಳುತ್ತಾರೆ.

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ವಿಶಾಖಪಟ್ಟಣಕ್ಕೆ, ನಮ್ಮ ಮನೆಗೆ ಕರೆತಂದೆವು. ನಾನಿಲ್ಲಿ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿದ್ದೇನೆ. ಬರುವಾಗಲೇ ಅಪ್ಪನ ನೆನಪು ಅಲ್ಲಲ್ಲಿ ತೂತು ಬಿದ್ದಿತ್ತು. ಮೊದಲು ಊಟ ಮಾಡಿದ್ದು ಮರೆತ. ಆಮೇಲೆ ಅಮ್ಮ ಹೋದದ್ದು ಮರೆತ. ಕೊನೆಗೆ ನನ್ನನ್ನು ಮರೆತ. ಪೂರ್ತಿ ಅಪರಿಚಿತ ಮಾಡಲಿಲ್ಲ, ಲಾರಿ ಓನರು ಮಾಡಿದ. ನಾನು ಸಂಜೆ ಆಫೀಸಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕುರ್ಚಿಯಿಂದ ಅರ್ಧ ಎದ್ದು, "ಬಣ್ಣ ಇನ್ನ ಒಣಗಿಲ್ಲ ಓನರ. ನಾಳಿ ಬರ್ರಿ," ಅನ್ನುತ್ತಿದ್ದ. ನಾನು ಸರಿ ಎಂದು ಒಳಗೆ ಹೋಗಿ ಕಾಫಿ ಕುಡಿಯುತ್ತಿದ್ದೆ. ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಕಾಫಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಆದರೂ ಗಡ್ಡ ಮಾತ್ರ ತಾನೇ ಮಾಡಿಕೊಳ್ಳುತ್ತಿದ್ದ. ಮನಸ್ಸು ಮರೆತದ್ದನ್ನು ಕೈ ಮರೆತಿರಲಿಲ್ಲ. ಒಂದು ದಿನ ನೊರೆ ಹಚ್ಚಿ, ಕತ್ತಿ ಬಿಚ್ಚಿ, ಕನ್ನಡಿಯ ಮುಂದೆ ನಿಂತವನು ಹಾಗೇ ನಿಂತ. ಕನ್ನಡಿಯೊಳಗೆ ಯಾರೋ ಮುದುಕ, ಅವನ ಕೈಯಲ್ಲೂ ಕತ್ತಿ. ಅಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಬಹಳ ಮರ್ಯಾದೆಯಿಂದ, "ಮೊದಲ ನೀವು ಮಾಡ್ಕೊಳ್ರಿ. ನಂದೇನು ಅವಸರ ಇಲ್ಲ," ಅಂದ. ಆ ಮುದುಕನ ಸರದಿ ಮುಗಿಯಲಿ ಎಂದು ಬಚ್ಚಲ ಬಾಗಿಲಲ್ಲಿ ಕಾಯುತ್ತ ನಿಂತ, ಮುಖದ ಮೇಲೆ ನೊರೆ ಒಣಗುವ ತನಕ. ಅವತ್ತು ನಾನು ಕತ್ತಿ ತೆಗೆದು ಬೀರುವಿನಲ್ಲಿಟ್ಟೆ.

ಗಡ್ಡ ಬೆಳೆಯಿತು. ಒಂದು ದಿನವೂ ಕುರುಚಲು ಬಿಟ್ಟುಕೊಂಡು ಹೊರಗೆ ಬಾರದವನು, ದಿನವಿಡೀ ಗಲ್ಲ ಕೆರೆದುಕೊಳ್ಳುತ್ತ ಕೂತ. ಟ್ರಿಮ್ಮರ್ ತಂದೆ. ಅದರ ಗುಂಯ್‌ಗುಡುವಿಕೆ ಕೇಳಿದ್ದೇ ಕುರ್ಚಿಯಿಂದೆದ್ದು ಗೋಡೆಗೆ ಒರಗಿದ. ಆಟೋನಗರಕ್ಕೆ ಅಕ್ಷರ ಕತ್ತರಿಸುವ ಸ್ಟಿಕ್ಕರ್ ಮೆಷೀನು ಬಂದಾಗ ಅಪ್ಪನ ಕುಂಚದ ಕೆಲಸ ಹೋಗಿತ್ತು. ಆ ಮೆಷೀನೂ ಹೀಗೇ ಗುಂಯ್‌ಗುಡುತ್ತಿತ್ತು. ಪ್ಲಾಸ್ಟಿಕ್ ರೇಜರು ಕೊಟ್ಟರೆ ತಿರುವಿ ನೋಡಿ ಜೇಬಿಗೆ ಹಾಕಿಕೊಂಡ, ಪೆನ್ನು ಎಂಬಂತೆ. ಮನೆಗೇ ಸಲೂನಿನವರೊಬ್ಬರನ್ನು ಕರೆಸಿದರೆ, ಅವರು ಹತ್ತಿರ ಬಂದೊಡನೆ ಎರಡೂ ಕೈಯಿಂದ ಕುತ್ತಿಗೆ ಮುಚ್ಚಿಕೊಂಡ. ಹೊರಗಿನವರ ಕೈಗೆ ಕುತ್ತಿಗೆ ಕೊಡಬಾರದು ಎಂಬುದೊಂದು ನೆನಪಿತ್ತು, ನೋಡಿ. ಮನೆಯವನು ಯಾರು ಎಂಬುದು ನೆನಪಿರಲಿಲ್ಲ.

ಆಗ ನನಗೊಂದು ಹಟ ಹುಟ್ಟಿತು. ಅವನ ಕತ್ತಿಯನ್ನೇ ಕಲಿಯುತ್ತೇನೆ. ಆ ಪಟ್ಟಿಯ ಸರಕ್ ಸರಕ್ ಸದ್ದು ಕೇಳಿದರೆ, ಆ ಕೊಂಬಿನ ಹಿಡಿ ನನ್ನ ಕೈಯಲ್ಲಿ ಕಂಡರೆ, ಇವನು ಓನರಲ್ಲ, ನಮ್ಮವನು ಎಂದು ಅವನಿಗೆ ಅನ್ನಿಸಬಹುದು, ಕುತ್ತಿಗೆ ಕೊಡಬಹುದು. ನಿಜ ಹೇಳಬೇಕೆಂದರೆ ಗಡ್ಡ ಬರೀ ನೆವ. ಅವನು ಒಂದು ಸಲ ನನಗೆ ಕುತ್ತಿಗೆ ಕೊಡಬೇಕಿತ್ತು, ಅಷ್ಟೇ.

ಆದರೆ ಅಪ್ಪನ ಗಂಟಲ ಮೇಲೆ ಅಭ್ಯಾಸ ಮಾಡುವ ಹಾಗಿಲ್ಲವಲ್ಲ. ಫೋನಿನಲ್ಲಿ ವೀಡಿಯೋ ಹುಡುಕಿದೆ. ಅದರಲ್ಲಿದ್ದ ದೊಡ್ಡ ಮನುಷ್ಯ ಬಲೂನಿಗೆ ನೊರೆ ಹಚ್ಚಿ ಕತ್ತಿಯಿಂದ ಹೆರೆದು ತೋರಿಸಿದ. ಬಲೂನು ಒಡೆಯದಿದ್ದರೆ ನೀವು ಪಾಸು. ನಾನು ಹಜಾರದಲ್ಲಿ ಕೂತು ಮಾಡಿದೆ. ಮೊದಲನೆಯ ಬಲೂನು ಢಂ ಎಂದಿತು, ನೊರೆಯೆಲ್ಲ ಹಾರಿ ಪದ್ಮಜಳ ದೇವರ ಪಟದ ಮೇಲೆ ಕೂತಿತು. ಅವಳು ಇಲ್ಲಿಯವಳು, ಸಿಂಹಾಚಲದ ಭಕ್ತೆ. ಅಲ್ಲಿಯ ಸ್ವಾಮಿ ವರ್ಷವಿಡೀ ಗಂಧದ ಲೇಪದೊಳಗೇ ಇರುತ್ತಾನೆ; ಒಂದೇ ಒಂದು ದಿನ ಲೇಪ ತೆಗೆದು ನಿಜರೂಪ ತೋರಿಸುತ್ತಾರೆ. ಮಾರನೆಯ ದಿನ ನಾನು ಮುಖಕ್ಕೆ ದಪ್ಪಗೆ ನೊರೆ ಹಚ್ಚಿಕೊಂಡು, ಕತ್ತಿ ಎತ್ತಲು ಧೈರ್ಯ ಸಾಲದೆ ಬಚ್ಚಲಲ್ಲಿ ನಿಂತೇ ಇದ್ದಾಗ ಇವಳು ಬಂದು ಕೈ ಮುಗಿದಳು. "ಏಮಂಡಿ, ನಿಜರೂಪ ದರ್ಶನ ಇವತ್ತಾಗುತ್ತೋ, ಇಲ್ಲ ಮುಂದಿನ ವರ್ಷವೋ?"

ಕಲಿಯುವುದು ಅಷ್ಟು ಸುಲಭವಿರಲಿಲ್ಲ. ಪಟ್ಟಿಯ ಮೇಲೆ ಮಸೆಯುವಾಗ ಕತ್ತಿಯ ಬೆನ್ನು ಮುಂದೆ ಹೋಗಬೇಕು, ಬಾಯಿ ಹಿಂದೆ ಎಳೆದುಕೊಂಡು ಬರಬೇಕು. ನಾನು ಬಾಯಿ ಮುಂದೆ ಮಾಡಿ ತಳ್ಳಿದೆ, ಅಪ್ಪ ಅಷ್ಟು ವರ್ಷ ಕಾಪಾಡಿದ್ದ ಪಟ್ಟಿಯಲ್ಲಿ ಒಂದು ಸೀಳು ಬಿತ್ತು. ಈಗಲೂ ಇದೆ. ಕತ್ತಿಯನ್ನು ಚರ್ಮಕ್ಕೆ ಬಹಳ ಎತ್ತಿ ಹಿಡಿದರೆ ಕೊಯ್ಯುತ್ತದೆ, ಬಹಳ ಮಲಗಿಸಿದರೆ ಕೂದಲನ್ನು ಹಿಡಿದು ಎಳೆಯುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಕೂದಲೆಳೆಯಷ್ಟು ಜಾಗ ಇದೆ, ಅದನ್ನು ಯಾವ ವೀಡಿಯೋ ಕೂಡ ಹೇಳಿಕೊಡುವುದಿಲ್ಲ. ಕೆನ್ನೆಗೆಲ್ಲ ಪಟಿಕದ ಕಲ್ಲು ಉಜ್ಜಿಕೊಂಡು, ಬೆಕ್ಕಿನ ಜೊತೆ ಜಗಳವಾಡಿದವನಂತೆ ಆಫೀಸಿಗೆ ಹೋಗುತ್ತಿದ್ದೆ. ಹಾಗೂ ಹೀಗೂ ಕೈ ಸ್ವಲ್ಪ ಹದಕ್ಕೆ ಬಂತು. ಹದಕ್ಕೆ ಬಂತು ಅಂದುಕೊಂಡ ದಿನವೇ ಎಡವಟ್ಟಾಯಿತು.

ಮೀಸೆಯ ಎಡ ತುದಿಯ ಪಕ್ಕದಲ್ಲಿ ಕತ್ತಿ ಇತ್ತು. ಬಾಗಿಲ ಗಂಟೆ ಹೊಡೆಯಿತು. ಅಪ್ಪನಾಗಿದ್ದರೆ ಮನೆಗೆ ಬೆಂಕಿ ಬಿದ್ದರೂ ಅಲುಗುತ್ತಿರಲಿಲ್ಲ. ನಾನು "ಬಂದೆ" ಅಂದೆ. ಮೀಸೆಯ ಕಾಲು ಭಾಗ ಬೇಸಿನ್ನಿಗೆ ಬಿತ್ತು. ಸರಿ ಮಾಡೋಣ ಎಂದು ಬಲಗಡೆ ಸ್ವಲ್ಪ ತೆಗೆದೆ. ಬಲಗಡೆ ಹೆಚ್ಚಾಯಿತು. ಎಡಗಡೆ ತೆಗೆದೆ. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ಕಥೆ ನಿಮಗೆ ಗೊತ್ತಲ್ಲ, ಹಾಗೆ ತಕ್ಕಡಿ ಅತ್ತಿತ್ತ ತೂಗಿ, ಕೊನೆಗೆ ಮೂಗಿನ ಕೆಳಗೆ ಎರಡು ಚುಕ್ಕೆ ಉಳಿದವು. ಅವನ್ನಿಟ್ಟುಕೊಂಡು ಏನು ಮಾಡುವುದು? ತೆಗೆದುಬಿಟ್ಟೆ.

ಪದ್ಮಜ ನೋಡಿದವಳೇ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವುದಕ್ಕಲ್ಲ. "ಮಾವಯ್ಯ ಇರುವಾಗಲೇ..." ಅಂದಳು. ಆಮೇಲೆ ಅವಳೇ ಒಂದು ಉಪಾಯ ಹೇಳಿದಳು: ಸಿಂಹಾಚಲಕ್ಕೆ ಹೋಗಿ ತಲೆಗೂದಲೂ ಕೊಟ್ಟು ಬಂದರೆ ಹರಕೆ ಎಂದು ಹೇಳಬಹುದು. ಬೋಳು ತಲೆ, ಬೋಳು ತುಟಿ ಎರಡೂ ಸೇರಿದರೆ ಕರ್ಮ ಮಾಡಿ ಬಂದವನ ಹಾಗೇ ಕಾಣುತ್ತೇನೆ ಎಂದು ನಾನು ಹೇಳಿದ ಮೇಲೆ ಅವಳಿಗೂ ಹೌದೆನ್ನಿಸಿತು.

ಅಷ್ಟರಲ್ಲಿ ಎದುರು ಮನೆಯ ಮೂರ್ತಿಗಾರು ಲಿಫ್ಟಿನ ಹತ್ತಿರ ಸಿಕ್ಕರು. ನನ್ನ ತುಟಿ ನೋಡಿದರು, ಎರಡೂ ಕೈ ಹಿಡಿದುಕೊಂಡರು, ಕಣ್ಣು ತುಂಬಿಕೊಂಡರು. "ಎಪ್ಪುಡಂಡಿ? ಒಕ್ಕ ಮಾಟ ಚೆಪ್ಪಲೇದೇ!" ಯಾವಾಗ ಆಯಿತು, ಒಂದು ಮಾತು ಹೇಳಲಿಲ್ಲವಲ್ಲ ಎಂದು ನೊಂದುಕೊಂಡರು. ನಾನು ಬಾಯಿ ತೆರೆಯುವ ಮೊದಲೇ ತೆರೆದ ಬಾಗಿಲಿನಿಂದ ಅಪ್ಪನ ಕೆಮ್ಮು ಕೇಳಿಸಿತು. ಮೂರ್ತಿಗಾರು ನನ್ನ ಕೈ ಬಿಟ್ಟರು. ಆಫೀಸಿನಲ್ಲಿ ನಮ್ಮ ಮೇಲಧಿಕಾರಿಗಳು ಬೆನ್ನು ಸವರಿ ರಜೆ ಮಂಜೂರು ಮಾಡಲು ಹೊರಟರು. ಲ್ಯಾಬಿನಲ್ಲಿ ಯಂತ್ರ ತೋರಿಸಿದ್ದನ್ನು ಬಿಟ್ಟು ಬೇರೇನನ್ನೂ ನಂಬದ ನಾನು, ಆ ದಿನವೆಲ್ಲ ಗಂಟೆಗೊಮ್ಮೆ ಮನೆಗೆ ಫೋನ್ ಮಾಡಿ ಅಪ್ಪ ಏನು ಮಾಡುತ್ತಿದ್ದಾನೆ ಎಂದು ಕೇಳಿದೆ. ಭಯವಾಗಿತ್ತು. ಬಾಯಲ್ಲಿ ಆಡಿದರೆ ಎಲ್ಲಿ ನಿಜವಾಗುತ್ತದೋ ಎಂಬಂಥ ಭಯ.

ಮರುದಿನ ಭಾನುವಾರ. ಬೆಳಗಿನ ಬಿಸಿಲಿಗೆ ಅಪ್ಪನನ್ನು ಬಾಲ್ಕನಿಯ ಕುರ್ಚಿಯಲ್ಲಿ ಕೂರಿಸಿದೆ. ಬಿಸಿನೀರು, ಸೋಪು, ಬ್ರಷ್ಷು ಎಲ್ಲ ಇಟ್ಟುಕೊಂಡು ಪಟ್ಟಿಯನ್ನು ಬಾಲ್ಕನಿಯ ಸರಳಿಗೆ ಸಿಕ್ಕಿಸಿ ಕತ್ತಿ ಮಸೆದೆ. ಸದ್ದಿಗೆ ಅಪ್ಪ ತಿರುಗಿದ. ನನ್ನ ಮುಖವನ್ನೇ ನೋಡಿದ. ಓನರ್ ಅನ್ನಲಿಲ್ಲ.

"ಯಾವಾಗ ಆತು?"

"ಏನಪ್ಪ?"

"ನಿಮ್ಮ ಅಪ್ಪಂದು." ನನ್ನ ತುಟಿಯ ಕಡೆ ಬೆರಳು ತೋರಿಸಿದ. "ಬಾ, ಇಲ್ಲೆ ಕುಂದ್ರು. ನಿಂತೇ ಇರಬ್ಯಾಡ."

ಪಕ್ಕದ ಸ್ಟೂಲಿನ ಮೇಲೆ ಕೂತೆ. ಕೈಯಲ್ಲಿ ಕತ್ತಿ ಇತ್ತು, ಅದನ್ನೇ ನೋಡುತ್ತಿದ್ದೆ.

"ವಯಸ್ಸಾಗಿತ್ತೇನು?"

"ಹೂಂ. ಆಗಿತ್ತು."

"ಏನ್ ಕೆಲಸ ಮಾಡ್ತಿದ್ದ?"

"ಲಾರಿ ಮ್ಯಾಲೆ ಅಕ್ಷರ ಬರೀತಿದ್ದ. ಆಟೋನಗರದಾಗ."

ಅಪ್ಪನ ಮುಖ ಅರಳಿತು. "ಹೌದೇನು? ಅಲ್ಲಿರೋರೆಲ್ಲ ನನಗ ಗೊತ್ತದಾರಲ್ಲ. ಯಾರಪ ಅದು?" ಸ್ವಲ್ಪ ಹೊತ್ತು ನೆನಪಿಸಿಕೊಳ್ಳಲು ಒದ್ದಾಡಿ ಬಿಟ್ಟುಬಿಟ್ಟ. "ಕೈ ಚಲೋ ಇತ್ತೇನು ಅವಂದು?"

"ಭಾಳ ಚಲೋ ಇತ್ತು."

"ಮತ್ತೇನು ಬೇಕು ಬಿಡು." ನನ್ನ ಮೊಣಕಾಲಿನ ಮೇಲೆ ಕೈ ಇಟ್ಟ. "ಅಳು ಬಂದ್ರ ಅತ್ತುಬಿಡು. ಇಲ್ಲಿ ಯಾರು ನೋಡಾಕತ್ತಾರ? ನನಗೂ ಒಬ್ಬ ಮಗ ಅದಾನ, ನಿನ್ನಷ್ಟ ಇದ್ದಾನು. ವಿಶಾಖಪಟ್ನದಾಗ ನೌಕರಿ. ಅವಂದು ಮೀಸಿ ನೋಡಬೇಕು ನೀನು, ಇಷ್ಟು ದಪ್ಪ. ನಾನಿನ್ನ ಅದೀನಲ್ಲ, ಅದಕ್ಕ ಬಿಟ್ಟಾನ. ಬರ್ತೀನಿ ಅಂದಾನ. ಬರ್ತಾನ."

ನಾನು ಅತ್ತೆ. ಅವನು ಹೇಳಿದ ಹಾಗೇ, ಯಾರೂ ನೋಡುತ್ತಿಲ್ಲ ಎಂದುಕೊಂಡು. ಅಡುಗೆಮನೆಯ ಬಾಗಿಲಲ್ಲಿ ಪದ್ಮಜ ನಿಂತಿದ್ದು ಆಮೇಲೆ ಗೊತ್ತಾಯಿತು.

ಅಪ್ಪ ನನ್ನ ಕೈಯಿಂದ ಕತ್ತಿ ತೆಗೆದುಕೊಂಡು ಹೆಬ್ಬೆರಳಿನಿಂದ ಬಾಯಿ ಸವರಿ ನೋಡಿದ. "ನಿಮ್ಮ ಅಪ್ಪನ ಕತ್ತೀನಾ? ಚಲೋ ಇಟ್ಟೀ." ವಾಪಸು ಕೊಟ್ಟ. ಆಮೇಲೆ, ನಾನು ಕೇಳದೆಯೇ, ಕುರ್ಚಿಗೆ ತಲೆ ಒರಗಿಸಿ, ಕಣ್ಣು ಮುಚ್ಚಿ, ಗದ್ದ ಮೇಲಕ್ಕೆತ್ತಿದ. ಅವನ ಕುತ್ತಿಗೆಯ ಸುಕ್ಕುಗಳ ನಡುವೆ ಸಣ್ಣಗೆ ನಾಡಿ ಬಡಿಯುತ್ತಿತ್ತು. ಮಗನಿಗೆ ಕೊಡದ ಕುತ್ತಿಗೆಯನ್ನು ಅಪ್ಪ, ತಂದೆಯನ್ನು ಕಳೆದುಕೊಂಡ ಯಾರೋ ಪರದೇಶಿಗೆ ಕೊಟ್ಟಿದ್ದ. ನೊರೆ ಹಚ್ಚಿದೆ, ಉಸಿರು ಹಿಡಿದು ಕತ್ತಿ ಇಟ್ಟೆ. ಒಂದು ಗೀರೂ ಬೀಳಲಿಲ್ಲ.

ಮೀಸೆ ಮತ್ತೆ ಬಿಡಬೇಕೆಂದೇ ಇದ್ದೆ. ಪದ್ಮಜಳ ಒತ್ತಾಯವೂ ಇತ್ತು. ತುಟಿಯ ಮೇಲೆ ಕಪ್ಪು ಬಿಳುಪು ಗೆರೆ ಮೂಡುವಷ್ಟು ಬೆಳೆದಾಗ ಒಂದು ಬೆಳಿಗ್ಗೆ ಕತ್ತಿ ಹಿಡಿದು ಹೋದೆ. ಅಪ್ಪ ನನ್ನನ್ನು ನೋಡಿ, "ಯಾರಲೇ ನೀನು? ಕತ್ತಿ ಯಾಕ ಹಿಡ್ಕಂಡೀ?" ಎಂದು ಕಿರುಚಿ, ಎರಡೂ ಕೈಯಿಂದ ಕುತ್ತಿಗೆ ಮುಚ್ಚಿಕೊಂಡ. ನಾನು ಬಚ್ಚಲಿಗೆ ಹೋಗಿ ಮೀಸೆ ಹೆರೆದು ಬಂದೆ. ಅವನು ನನ್ನನ್ನು ನೋಡಿ, "ಅಯ್ಯೋ, ಯಾವಾಗ ಆತಪ?" ಅಂದ. ಕೈಗಳು ಮೆಲ್ಲಗೆ ಕೆಳಗಿಳಿದವು.

ಅಲ್ಲಿಂದ ಮುಂದೆ ಮೀಸೆ ಬಿಡಲಿಲ್ಲ. ಪದ್ಮಜ ಮೊದಲು ದೇವರ ಪಟಕ್ಕೆ ಎರಡು ದೀಪ ಹೆಚ್ಚಿಗೆ ಹಚ್ಚಿದಳು, ಆಮೇಲೆ ಅವಳೇ ಬೆಳಿಗ್ಗೆ ಎದ್ದು ಬಿಸಿನೀರು ಕಾಯಿಸಿ ಕೊಡತೊಡಗಿದಳು. ಅಪ್ಪನ ಗಡ್ಡ ಮಾಡಬೇಕೆಂದರೆ ನಾನು ಅಪ್ಪನಿಲ್ಲದವನಾಗಬೇಕಿತ್ತು. ಆದೆ. ದಿನವೂ ಅವನು ಹೊಸದಾಗಿ ಕೇಳುತ್ತಿದ್ದ, ಹೊಸದಾಗಿ ಮರುಗುತ್ತಿದ್ದ, ಹೊಸದಾಗಿ ಸಮಾಧಾನ ಹೇಳುತ್ತಿದ್ದ. ಒಂದು ದಿನ, "ಬೈತಿದ್ನೇನು ನಿನ್ನ?" ಎಂದು ಕೇಳಿದ. ಬೈಯುತ್ತಿದ್ದ ಅಂದೆ. "ಬೈಲಿಲ್ಲಾಂದ್ರ ಅಪ್ಪ ಹೆಂಗಾದಾನು," ಎಂದು ನಕ್ಕ. ಇನ್ನೊಂದು ದಿನ ನೊರೆ ಹಚ್ಚಿದ ಮುಖದಲ್ಲೇ ಕಣ್ಣು ತೆರೆದು, "ಹೋಗೋ ಮುಂದ ಏನರ ಹೇಳಿದ್ನೇನು?" ಅಂದ.

"ಇಲ್ಲಪ್ಪ. ಏನೂ ಹೇಳ್ಲಿಲ್ಲ."

"ಹೇಳಬೇಕಂತ ಇದ್ದಿರ್ತಾನ. ಮರ್ತಿರಬೇಕು. ವಯಸ್ಸಾದೋರು ಮರೀತಾರ, ನೀ ಬ್ಯಾಸರ ಮಾಡ್ಕೋಬ್ಯಾಡ," ಅಂದು ಮತ್ತೆ ಕಣ್ಣು ಮುಚ್ಚಿಕೊಂಡ.

ಅಪ್ಪ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಬೆಳಿಗ್ಗೆಯಷ್ಟೇ ಗಡ್ಡ ಮಾಡಿದ್ದೆ. ಕೆನ್ನೆ ನುಣ್ಣಗಿತ್ತು. ಅಮ್ಮನ ಕಾರ್ಯವಾದಲ್ಲೇ ಅವನದೂ ಆಗಲಿ ಎಂದು ವಿಜಯವಾಡಕ್ಕೆ ಹೋದೆವು. ಕೃಷ್ಣೆಯ ಸ್ನಾನಘಟ್ಟದಲ್ಲಿ ಕ್ಷೌರಕ್ಕೆ ಕೂತಾಗ ಅಲ್ಲಿಯವನು ತಲೆಗೆ ನೀರು ಚಿಮುಕಿಸುತ್ತ, "ನಾನ್ನಗಾರಾ?" ಅಂದ. ತಲೆಯಾಡಿಸಿದೆ. ಬೆಂಚಿನ ಮೇಲೆ ಪೇಪರು ಹಿಡಿದು ಕೂತು 'ಇಲ್ಲೇ ಅದೀನಲ್ಲಪ' ಅನ್ನಲು ಹಿಂದೆ ಯಾರೂ ಇರಲಿಲ್ಲ. ತಲೆ ಮುಗಿಸಿ ತುಟಿಗೆ ಬಂದವನು ನಿಂತ. ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಅಲ್ಲಿ ತೆಗೆಯಲು ಏನೂ ಇರಲಿಲ್ಲ. ನನ್ನ ಮುಖ ನೋಡಿ ಏನೂ ಕೇಳದೆ, ಶಾಸ್ತ್ರಕ್ಕೆಂದು ಬರಿಯ ಚರ್ಮದ ಮೇಲೆ ಒಂದು ಸಲ ಕತ್ತಿ ಆಡಿಸಿದ.

ವಿಶಾಖಪಟ್ಟಣಕ್ಕೆ ವಾಪಸು ಬಂದ ಸಂಜೆ ಮೂರ್ತಿಗಾರು ಬಂದರು. ಮೊದಲ ಸಲ ಹೇಳಬೇಕಾದ್ದನ್ನೆಲ್ಲ ಹೇಳಿಬಿಟ್ಟಿದ್ದರಿಂದ ಅವರಿಗೆ ಈ ಸಲ ಮಾತು ಸಿಗಲಿಲ್ಲ. ಅಪ್ಪನ ಖಾಲಿ ಕುರ್ಚಿಯ ಪಕ್ಕ, ಅದೇ ಸ್ಟೂಲಿನ ಮೇಲೆ ಬಹಳ ಹೊತ್ತು ಕೂತಿದ್ದರು. ಏಳುವಾಗ, ಎಲ್ಲರೂ ಕೇಳುವ ಹಾಗೆ, ಕೊನೆಗೆ ಏನಾದರೂ ಹೇಳಿ ಹೋದರಾ ಎಂದು ಕೇಳಿದರು.

"ಹೇಳಬೇಕಂತ ಇದ್ದರು," ಅಂದೆ. "ಮರೆತಿರಬೇಕು."